ಮೆಟ್ಟಿಲ ಕಿಟಕಿಯ ಮರಿ

ಹಲ್ಲಕ್ಕ ಹಲ್ಲು ಬಿಟ್ಟು ನಕ್ಕಿದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಸುತ್ತಮುತ್ತಲ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ಕೂರಿಸಿಕೊಟ್ಟವಳು ಅವಳೇ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಅವಳ ಲ್ಯಾಬಿಗೆ ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಚಿಮಟದಲ್ಲಿ ಹಿಡಿದು ನೆಟ್ಟು, ಬೇಯಿಸಿ, ಮಸೆದು, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅದೇ ಲ್ಯಾಬಿಗೆ ಕಸ ಗುಡಿಸಲು ಸೇರಿದವಳು, ನೋಡಿ ನೋಡಿಯೇ ಕೆಲಸ ಕಲಿತು, ಕಲಿಸಬೇಕಾಗಿದ್ದವರನ್ನೇ ಮೀರಿಸಿದ್ದಳು. ‘ಹಲ್ಲು ಮಸೆಯೋದೇ ಅವಳ ಕಸುಬು, ಮನೆಗೆ ಬಂದ್ರೂ ಸುಮ್ನಿರೋಕಾಗಲ್ಲ’ ಎಂದು ಅವಳ ಗಂಡ ಒಮ್ಮೆ ಯಾರ ಹತ್ತಿರವೋ ಅಂದದ್ದು ಅವಳ ಕಿವಿಗೆ ಬಿದ್ದು, ಆ ಮನುಷ್ಯ ಒಂದು ವಾರ ಗೋಡೆಯ ಜೊತೆ ಮಾತಾಡಿಕೊಂಡಿರಬೇಕಾಯಿತು.

ಮನೆಗೆ ಬಂದ ಮೇಲೆ ಅವಳು ಹಲ್ಲು ಮಸೆಯುತ್ತಿದ್ದುದು ವಾರಗಿತ್ತಿಯ ಮೇಲೆ.

ಮನೆ ಎರಡು ಅಂತಸ್ತಿನದು. ಕೆಳಗೆ ದೊಡ್ಡವಳಾದ ಹಲ್ಲಕ್ಕನ ಸಂಸಾರ, ಮೇಲೆ ಮೈದುನನದು. ಬೀದಿಗೆ ಒಂದೇ ಬಾಗಿಲು, ಇಬ್ಬರಿಗೂ ಒಂದೇ ಮೆಟ್ಟಿಲು. ಮೆಟ್ಟಿಲು ಅರ್ಧದಲ್ಲಿ ತಿರುಗುವ ಕಡೆ ಚಾಪೆಯಗಲದ ಜಾಗ, ಅಲ್ಲಿ ಕರೆಂಟಿನ ಎರಡು ಮೀಟರು, ಪೂರ್ವಕ್ಕೊಂದು ಕಿಟಕಿ. ಮೈದುನನ ಹೆಂಡತಿ ಸ್ಕೂಲ್ ವ್ಯಾನ್ ಓಡಿಸುತ್ತಿದ್ದಳು. ಬೆಳಿಗ್ಗೆ ಆರೂವರೆಗೆ ದಡದಡ ಇಳಿದುಹೋಗಿ ವ್ಯಾನ್ ಶುರುಮಾಡಿ, ಏನೂ ಅಡ್ಡವಿಲ್ಲದಿದ್ದರೂ ಒಂದು ಸಲ ಹಾರನ್ ಬಾರಿಸಿಯೇ ಹೊರಡುತ್ತಿದ್ದಳು. ಹಲ್ಲಕ್ಕ ಅವಳಿಗೆ ಇಟ್ಟ ಹೆಸರೇ ಹಾರನ್. ಮದುವೆಯಾಗಿ ಬಂದ ಮೊದಲ ತಿಂಗಳೇ ಇಬ್ಬರಿಗೂ ಬಟ್ಟೆ ಒಣಗಿಸುವ ತಂತಿಗಾಗಿ ಜಗಳವಾಗಿತ್ತು. ತಂತಿ ಹೋಗಿ ಕೊಡೆ ಬಂತು, ಕೊಡೆ ಹೋಗಿ ನೀರಿನ ಟ್ಯಾಂಕು ಬಂತು. ವಿಷಯ ಬದಲಾಗುತ್ತಿತ್ತು, ಜಗಳ ಅದೇ.

ಇಬ್ಬರ ನಡುವೆ ಅತ್ತೆ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಎದುರಿಗೆ ಬಂದ ಸಾವಿರ ಮುಖಗಳನ್ನು ನಿಭಾಯಿಸಿದ್ದ ಹೆಂಗಸು, ಇಬ್ಬರು ಸೊಸೆಯಂದಿರನ್ನು ನಿಭಾಯಿಸುವುದೇನು ಮಹಾ. ಆರು ತಿಂಗಳು ಕೆಳಗೆ, ಆರು ತಿಂಗಳು ಮೇಲೆ ಎಂದು ತಾನೇ ಪಾಳಿ ಹಾಕಿಕೊಂಡಿದ್ದಳು. ನಿವೃತ್ತಿಯ ದಿನ ಜೊತೆಯವರು ಅವಳಿಗೊಂದು ಆರ್ಕಿಡ್ ಕುಂಡ ಕೊಟ್ಟಿದ್ದರು. ದಪ್ಪ ನಾಲಗೆಯಂಥ ಐದಾರು ಎಲೆ, ಬಿಲ್ಲಿನಂತೆ ಬಾಗಿದ ಹೂದಂಟು, ಅದರ ಮೇಲೆ ಸಾಲಾಗಿ ಕೂತ ಬಿಳಿ ಹೂವು. ಬೇರೆಯವರ ಮನೆಯಲ್ಲಿ ಇಂಥ ಗಿಡಗಳು ಹೂವು ಉದುರಿದ ಮೇಲೆ ಕಸದ ಗಾಡಿ ಸೇರುತ್ತವೆ. ಅತ್ತೆಯ ಕೈಯಲ್ಲಿ ಅದು ಹನ್ನೊಂದು ವರ್ಷ ತಪ್ಪದೆ ಹೂಬಿಟ್ಟಿತು. ಅದನ್ನು ಅವಳು ಇಟ್ಟದ್ದು ಮೆಟ್ಟಿಲ ತಿರುವಿನ ಕಿಟಕಿಯಲ್ಲಿ.

‘ಕೆಳಗಿಟ್ರೆ ಮೇಲಿನವಳ ಮುಖ ಊದತ್ತೆ, ಮೇಲಿಟ್ರೆ ಕೆಳಗಿನವಳದ್ದು. ಇಲ್ಲಿದ್ರೆ ಇಬ್ಬರದ್ದೂ ಊದತ್ತೆ. ನ್ಯಾಯ ಅಂದ್ರೆ ಅದು’ ಎನ್ನುತ್ತಿದ್ದಳು.

ಅತ್ತೆ ತೀರಿಕೊಂಡದ್ದು ಮೇಲಿನವಳ ಪಾಳಿಯಲ್ಲಿ, ಒಂದು ಬುಧವಾರ ಮಧ್ಯಾಹ್ನ. ಹಲ್ಲಕ್ಕ ಲ್ಯಾಬಿನಲ್ಲಿ ಯಾರದೋ ಮೇಲ್ದವಡೆಯ ಸೆಟ್ಟಿಗೆ ಹೊಳಪು ಕೊಡುತ್ತಿದ್ದಳು. ಲ್ಯಾಬಿನಿಂದ ಮನೆಗೆ ಐದು ನಿಮಿಷದ ದಾರಿ. ಫೋನು ಬಂದದ್ದು ಅವಳಿಗಲ್ಲ, ಅವಳ ಗಂಡನಿಗೆ, ಅದೂ ಎಲ್ಲ ಮುಗಿದ ಮೇಲೆ. ಅವನು ತಿಳಿಸಿದ ಕೂಡಲೇ ಕೈ ತೊಳೆಯದೆ ಓಡಿಬಂದಳು.

‘ಯಾಕೆ ಕರೀಲಿಲ್ಲ ನನ್ನ?’

‘ಎಲ್ಲ ಬೇಗ ಆಗೋಯ್ತು ಅಕ್ಕ’ ಎಂದಳು ಹಾರನ್, ನೆಲ ನೋಡುತ್ತ.

ಅದು ಸುಳ್ಳೆಂದು ಹಲ್ಲಕ್ಕನಿಗೆ ಗೊತ್ತಾದದ್ದು ಎದುರಿನ ಔಷಧಿ ಅಂಗಡಿಯವಳಿಂದ. ಅತ್ತೆ ಎಂಟು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲವಂತೆ. ಆ ಎಂಟು ದಿನದಲ್ಲಿ ಹಲ್ಲಕ್ಕ ಮೂರು ಸಲ ಮೇಲೆ ಹೋಗಿದ್ದಳು. ಮೂರು ಸಲವೂ ವಾರಗಿತ್ತಿ ಬಾಗಿಲಿಗೆ ಅಡ್ಡ ನಿಂತು, ‘ಅತ್ತೆ ಈಗಷ್ಟೇ ಮಲಗಿದ್ರು ಅಕ್ಕ, ಎಬ್ಬಿಸ್ಬೇಡಿ’ ಎಂದು ಕಳಿಸಿದ್ದಳು. ಲೆಕ್ಕ ಹೊಂದಿತು. ಸಾಯುವ ಹೊತ್ತಿಗೆ ತಾನೊಬ್ಬಳೇ ಒಳ್ಳೆಯ ಸೊಸೆ ಎನ್ನಿಸಿಕೊಳ್ಳಲು ಅವಳು ಮಾಡಿದ ಹೂಟ ಅದು. ಹಾಗೆಂದು ಹಲ್ಲಕ್ಕ ತೀರ್ಮಾನಿಸಿದಳು, ಮಾತು ಬಿಟ್ಟಳು. ಅಣ್ಣತಮ್ಮಂದಿರು ಮಾತ್ರ ಬೀದಿಯ ತುದಿಯಲ್ಲಿ, ಹೆಂಡತಿಯರ ಕಣ್ಣು ತಪ್ಪಿಸಿ, ಕದ್ದು ಸಿಗರೇಟು ಸೇದುವ ಹುಡುಗರಂತೆ ಕ್ಷೇಮಸಮಾಚಾರ ಮಾತಾಡಿಕೊಳ್ಳುತ್ತಿದ್ದರು.

ಅತ್ತೆಯ ಪೆಟ್ಟಿಗೆ, ಬಟ್ಟೆ, ಕನ್ನಡಕ ಎಲ್ಲ ಮೇಲಿನ ಮನೆಯಲ್ಲಿ ಉಳಿದವು. ಯಾರಿಗೂ ಸೇರದೆ ಉಳಿದದ್ದು ಕಿಟಕಿಯ ಗಿಡ.

ಹೂವೆಲ್ಲ ಉದುರಿ ಬರೀ ಕಡ್ಡಿ ನಿಂತಿತ್ತು. ಒಂದು ದಿನ ಹಲ್ಲಕ್ಕ ಅದನ್ನು ಕತ್ತರಿಸಲು ಕತ್ತರಿ ಹಿಡಿದು ಬಂದರೆ, ದಂಟಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ‘ಕತ್ತರಿಸಬೇಡಿ. ಇನ್ನೂ ಹಸಿರಿದೆ.’ ವಾರಗಿತ್ತಿಯ ಕೋಳಿಕಾಲಿನ ಅಕ್ಷರ. ಹಲ್ಲಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಬೇಕೆಂದೇ ಕತ್ತರಿಸಬೇಕೆಂದು ಬಗ್ಗಿದಳು. ಆಗ ಕಂಡಿತು, ದಂಟಿನ ಮೇಲಿನಿಂದ ಎರಡನೆಯ ಗಿಣ್ಣಿನಲ್ಲಿ ಸಿಪ್ಪೆ ಬಿರಿದು ಒಂದು ಹಸಿರು ಮೂತಿ ಹೊರಗೆ ಇಣುಕಿತ್ತು. ಹೊಸ ಹೂವಿನ ಕವಲಿರಬಹುದೆಂದು ಕತ್ತರಿ ಮಡಚಿದಳು. ಮೂರು ವಾರದಲ್ಲಿ ಮೂತಿ ಎರಡಾಗಿ ಒಡೆದು, ಉಗುರಿನಷ್ಟು ಎರಡು ಎಲೆಯಾಯಿತು. ಇದು ಹೂವಲ್ಲ. ಇದೇನು?

ಲ್ಯಾಬಿನಿಂದ ಬರುವ ದಾರಿಯಲ್ಲಿ ಒಂದು ನರ್ಸರಿ ಇತ್ತು. ಅಲ್ಲಿಯ ಮುದುಕ ಗಿಡದ ವಿಷಯ ಬಿಟ್ಟರೆ ಬೇರೇನೂ ಮಾತಾಡದವನು. ಅವಳು ಹೇಳಿದ್ದನ್ನು ಕೇಳಿ ಮಣ್ಣಿನ ಕೈ ಕೊಡವಿದ.

‘ಅದು ಮರಿ ಅಮ್ಮ. ಹೂವಾಗಬೇಕಿದ್ದ ಗಿಣ್ಣು ಕೆಲವು ಸಲ ಗಿಡ ಆಗ್ಬಿಡತ್ತೆ. ಸೆಕೆ ಜಾಸ್ತಿ ಇದ್ರೆ ಹಾಗಾಗತ್ತೆ, ಇಲ್ಲ ತಾಯಿಗೆ ಎಲ್ಲೋ ಸುಸ್ತಾಗಿದ್ರೂ ಆಗತ್ತೆ. ಬೀಜದ್ದಲ್ಲ ಅದು, ತಾಯಿ ಮೈಯದೇ ತುಂಡು. ಮುಂದೆ ಹೂವು ಬಿಟ್ರೆ ಥೇಟು ತಾಯಿ ಹೂವೇ.’

‘ಅದನ್ನ ಬಿಡಿಸಿ ಬೇರೆ ಕುಂಡಕ್ಕೆ ಹಾಕ್ಬಹುದಾ?’

‘ಅವಸರ ಮಾಡಿದ್ರೆ ಕೆಟ್ರಿ. ಬೇರು ಬರಬೇಕು, ಎರಡು ಮೂರು, ಕಿರುಬೆರಳಷ್ಟು ಉದ್ದ. ಆರು ತಿಂಗಳಾಗ್ಬಹುದು, ವರ್ಷಾನೂ ಹಿಡೀಬಹುದು. ಆಮೇಲೆ ಬ್ಲೇಡನ್ನ ಬೆಂಕಿಗೆ ಹಿಡಿದು, ಮರಿಯ ಆಚೆ ಒಂದಿಂಚು ಈಚೆ ಒಂದಿಂಚು ದಂಟು ಬಿಟ್ಟು ಕತ್ತರಿಸಿ, ಒದ್ದೆ ಪಾಚಿಯಲ್ಲಿ ಕೂರಿಸಿ. ಅಲ್ಲಿವರೆಗೂ ಅದು ಹಾಲು ಕುಡಿಯೋ ಕೂಸು. ಇನ್ನೊಂದು ಮಾತು. ನೀರು ಬುಡಕ್ಕೆ ಹಾಕಿ, ಎಲೆಗಳ ನಡುವೆ ಸುಳಿ ಇದೆಯಲ್ಲ, ಅಲ್ಲಿ ನಿಲ್ಲಬಾರದು. ಸುಳಿ ಕೊಳೀತು ಅಂದ್ರೆ ಗಿಡ ಹೋಯ್ತು.’

ಮನೆಗೆ ಬರುವಷ್ಟರಲ್ಲಿ ಹಲ್ಲಕ್ಕ ನಿರ್ಧರಿಸಿಯಾಗಿತ್ತು. ಆ ಎಂಟು ದಿನವನ್ನು ಅವಳು ನುಂಗಿದಳು, ಮರಿ ನನ್ನದು. ಅಂದೇ ಹೊಸ ಚೀಟಿ ಕಟ್ಟಿದಳು: ‘ಮರಿಯನ್ನು ಮುಟ್ಟಕೂಡದು. ಕೆಳಗಿನ ಮನೆ.’ ಮರುದಿನ ಅದರ ಕೆಳಗೇ ಉತ್ತರ: ‘ಮರಿ ತಾಯಿಯ ಜೊತೆ ಇರುತ್ತದೆ. ಮೇಲಿನ ಮನೆ.’ ಆಮೇಲೆ ‘ನೀರನ್ನು ಸುಳಿಗೆ ಸುರಿಯಬಾರದು’ ಎಂದು ಇವಳು, ‘ಕಿಟಕಿ ಮುಚ್ಚುವವರು ಯಾರೆಂದು ಮೊದಲು ನೋಡಿಕೊಳ್ಳಿ’ ಎಂದು ಅವಳು. ತಿಂಗಳೊಪ್ಪತ್ತಿನಲ್ಲಿ ಗಿಡದಲ್ಲಿ ಎಲೆಗಿಂತ ಚೀಟಿ ಹೆಚ್ಚಾದವು. ಮೀಟರು ನೋಡಲು ಬರುವವನು ಅಂಕಿ ಬರೆದುಕೊಂಡ ಮೇಲೂ ಐದು ನಿಮಿಷ ನಿಂತು, ದಿನಪತ್ರಿಕೆ ಓದುವವನಂತೆ ಎಲ್ಲ ಓದಿ ಇಳಿದುಹೋಗುತ್ತಿದ್ದ.

ಗಿಡಕ್ಕೆ ಮಾತ್ರ ಎರಡು ಕಡೆಯ ಉಪಚಾರ. ಬೆಳಿಗ್ಗೆ ಇಳಿಯುವಾಗ ಹಾರನ್ ತನ್ನ ಬಾಟಲಿಯಿಂದ ಅವಸರದಲ್ಲಿ ಒಂದಿಷ್ಟು ಸುರಿದು ಹೋಗುತ್ತಿದ್ದಳು, ಸುಳಿಯೋ ಬುಡವೋ ನೋಡದೆ. ಅವಳು ಹಾಕಿದ್ದು ಬುಡ ಮುಟ್ಟಿರಲಾರದೆಂದು ಸಂಜೆ ಹಲ್ಲಕ್ಕ ಒಂದು ಲೋಟ. ಹತ್ತು ದಿನಕ್ಕೊಮ್ಮೆ ನೀರು ಸಾಕಾಗುವ ಗಿಡ ದಿನಕ್ಕೆರಡು ಸಲ ನೆನೆಯಿತು. ಕುಂಡದೊಳಗಿನ ತೊಗಟೆಯ ಚೂರುಗಳು ಒಣಗುವುದನ್ನೇ ಮರೆತವು. ಹಲ್ಲಕ್ಕ ಬೆರಳಿಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ವಾರಗಿತ್ತಿ ಗಿಡವನ್ನು ಒಣಗಿಸಿ ಕೊಲ್ಲುತ್ತಿದ್ದಾಳೆಂಬುದು ಅವಳ ನಂಬಿಕೆ. ನಂಬಿಕೆಗೆ ಬೆರಳಿಟ್ಟು ನೋಡುವವರು ಕಡಿಮೆ.

ಒಂದು ಬೆಳಿಗ್ಗೆ ನಡುವಿನ ಎಲೆ ಮುಟ್ಟಿದ ಕೂಡಲೇ ಕೈಗೆ ಬಂತು. ಬುಡ ಕಪ್ಪಗೆ ಲೋಳೆಯಾಗಿ, ಒದ್ದೆ ಬಟ್ಟೆ ಮುಗ್ಗಿದ ವಾಸನೆ. ಅಷ್ಟರಲ್ಲಿ ಮೇಲಿಂದ ವ್ಯಾನಿನ ಕೀಲಿ ಕುಣಿಸುತ್ತ ಹಾರನ್ ಇಳಿದು ಬಂದಳು. ಏಳು ತಿಂಗಳ ಮೇಲೆ ಮೊದಲ ಸಲ ಹಲ್ಲಕ್ಕ ಬಾಯಿ ತೆರೆದಳು.

‘ನೋಡು. ಬೆಳಿಗ್ಗೆ ಬೆಳಿಗ್ಗೆ ಬಾಟಲಿ ಬಗ್ಗಿಸ್ತೀಯಲ್ಲ, ಅದರ ಫಲ.’

‘ಬೆಳಿಗ್ಗೆ ನಾನು ಹಾಕಿದ್ರೆ ಸಂಜೆ ಹಾಕೋದು ಯಾರು? ದೆವ್ವಾನಾ?’

‘ಅತ್ತೇನೂ ಹೀಗೇ ನೋಡ್ಕೊಂಡೆಯಾ?’

ಹಾರನ್ ಕೆನ್ನೆಗೆ ಏಟು ಬಿದ್ದವಳಂತೆ ನಿಂತಳು. ಬಾಯಿವರೆಗೆ ಬಂದದ್ದನ್ನು ನುಂಗಿದಳು. ‘ನನ್ನ ವ್ಯಾನಿಗೆ ಮಕ್ಕಳು ಕಾಯ್ತಿದಾರೆ ಅಕ್ಕ. ನಿಮ್ಮ ಹಾಗೆ ಕಲ್ಲಿನ ಹಲ್ಲುಗಳಲ್ಲ ಅವು, ಕಾಯಿಸೋಕಾಗಲ್ಲ’ ಎಂದು ದಾಟಿ ಹೋದಳು. ಕೆಳಗೆ ವ್ಯಾನಿನ ಹಾರನ್ ಅವತ್ತು ಎರಡು ಸಲ ಕೂಗಿತು.

ತಾಯಿ ಸಾಯುತ್ತಿದೆ, ಅದರ ಜೊತೆ ಮರಿಯೂ ಹೋಗುತ್ತದೆ, ಇಲ್ಲವೇ ಅದಕ್ಕೂ ಮೊದಲು ಇವಳು ಕಿತ್ತುಕೊಳ್ಳುತ್ತಾಳೆ. ಹಲ್ಲಕ್ಕನ ತಲೆಯಲ್ಲಿ ಮೂರು ದಿನ ಇದೊಂದೇ ತಿರುಗಿತು. ಭಾನುವಾರ ಮಧ್ಯಾಹ್ನ ಮೇಲಿನವರು ನೆಂಟರ ಮನೆಗೆ ಹೋದರು. ಗಂಡ ಊಟ ಮಾಡಿ ಮಲಗಿದ್ದ. ಲ್ಯಾಬಿನಿಂದ ತಂದಿಟ್ಟಿದ್ದ ಸ್ಪಿರಿಟ್ ದೀಪ, ಮೇಣ ಕೊರೆಯುವ ಸಣ್ಣ ಚಾಕು, ಒಂದು ಗಾಜಿನ ಬಟ್ಟಲು, ಒದ್ದೆ ಪಾಚಿ ಎಲ್ಲ ಹಿಡಿದು ಕಿಟಕಿಯ ಹತ್ತಿರ ಕೂತಳು. ಮರಿಯ ಬುಡದಲ್ಲಿ ಬೇರು ಎರಡೇ, ಅಕ್ಕಿಕಾಳಿನಷ್ಟು, ಇನ್ನೂ ಮೊಳಕೆಯೆನ್ನಬೇಕಾದಂಥವು. ಮುದುಕ ಹೇಳಿದ ಮಾತು ಅವಳಿಗೆ ಚೆನ್ನಾಗಿ ನೆನಪಿತ್ತು. ‘ಪಾಚಿಯಲ್ಲಿಟ್ಟರೆ ಬಂದೀತು’ ಎಂದು ತನಗೆ ತಾನೇ ಹೇಳಿಕೊಂಡು ಚಾಕುವನ್ನು ಉರಿಗೆ ಹಿಡಿದಳು. ಆಚೆ ಒಂದಿಂಚು, ಈಚೆ ಒಂದಿಂಚು. ಕೂದಲೆಳೆಯಷ್ಟೂ ಜಜ್ಜದ, ಕನ್ನಡಿಯಂಥ ಕೊಯ್ತ. ಅವಳ ಕೈ ಎಂದೂ ತಪ್ಪುತ್ತಿರಲಿಲ್ಲ. ಅವಳಿಗೆ ತಡೆಯಲಾಗದ್ದು ಕಾಯುವುದು.

ಮರಿಯನ್ನು ಮಲಗುವ ಕೋಣೆಯ ಕಿಟಕಿಯಲ್ಲಿಟ್ಟು, ಬಟ್ಟಲಿನ ಮೇಲೆ ಪ್ಲಾಸ್ಟಿಕ್ ಕವರು ಹೊದಿಸಿದಳು.

ಐದು ಗಂಟೆಗೆ ಮೇಲಿನವರು ವಾಪಸಾದರು. ಮೆಟ್ಟಿಲಲ್ಲಿ ಹೆಜ್ಜೆಗಳು ಏರಿ, ತಿರುವಿನಲ್ಲಿ ನಿಂತವು. ಆಮೇಲೆ ಒಂದೇ ಜೊತೆ ಹೆಜ್ಜೆ ದಡದಡ ಕೆಳಗಿಳಿಯಿತು. ಬಾಗಿಲು ತಟ್ಟಿದ್ದಲ್ಲ, ಗುದ್ದಿದ್ದು.

‘ಎಲ್ಲಿ ಮರಿ?’

‘ಇರೋ ಕಡೆ ಇದೆ.’

‘ಬೇರೇ ಬಂದಿರಲಿಲ್ಲ ಅದಕ್ಕೆ! ನಾನೂ ಕೇಳ್ಕೊಂಡು ಬಂದಿದೀನಿ, ನನಗೂ ಗೊತ್ತು. ಸಾಯಿಸೋಕೇ ಕೊಯ್ದಿದೀಯ. ಅದು ನಿನಗೂ ದಕ್ಕಬಾರದು, ನನಗೂ ದಕ್ಕಬಾರದು, ಅಷ್ಟೇ ಅಲ್ವಾ?’

ಇಪ್ಪತ್ತು ವರ್ಷದಲ್ಲಿ ಎಷ್ಟು ಜಗಳವಾಡಿದ್ದರೂ ಹಾರನ್ ‘ನೀವು’ ಬಿಟ್ಟಿರಲಿಲ್ಲ. ಬೈಯುವಾಗಲೂ ‘ಅಕ್ಕ, ನೀವು’ ಎಂದೇ ಬೈಯುತ್ತಿದ್ದಳು. ಈಗ ಆ ‘ನೀನು’ ಕಲ್ಲಿನಂತೆ ಬಂದು ಬಡಿಯಿತು. ಹಿಂದೆಯೇ ಇಳಿದುಬಂದ ಮೈದುನ, ಒಳಗೆ ಎದ್ದುಬಂದ ಗಂಡ, ಇಬ್ಬರೂ ಬಾಯಿ ತೆರೆದು ಮುಚ್ಚಿದರು.

‘ಕಿತ್ತುಕೊಳ್ಳೋದನ್ನ ನಿನ್ನಿಂದಲೇ ಕಲಿತೆ’ ಎಂದಳು ಹಲ್ಲಕ್ಕ. ‘ಎಂಟು ದಿನ ನನ್ನ ಬಾಗಿಲಲ್ಲೇ ನಿಲ್ಲಿಸಿದೆಯಲ್ಲ. ಸಾಯೋ ಜೀವದ ಹತ್ತಿರಾನೂ ಬಿಡ್ಲಿಲ್ಲ. ಅಂಥ ಕಟುಕಿ ನೀನು.’

‘ನಾನು ನಿಲ್ಲಿಸಿದ್ದಾ? ಅತ್ತೆ ನಿಲ್ಲಿಸಿದ್ದು! ಅವಳನ್ನ ಒಳಗೆ ಬಿಡಬೇಡ ಅಂದಿದ್ದು ಅವರೇ!’

‘ಸುಳ್ಳಿ.’

‘ನೀನು ಮಾಡ್ಕೊಟ್ಟ ಹಲ್ಲಿನ ಸೆಟ್ಟು ಅವರಿಗೆ ಕೂರ್ತಿರಲಿಲ್ಲ. ಸೊರಗಿ ಸೊರಗಿ ವಸಡೇ ಇರಲಿಲ್ಲ ಅವರಿಗೆ. ಹಾಕ್ಕೊಂಡ್ರೆ ಹುಣ್ಣು, ತೆಗೆದ್ರೆ ಮಾತು ಹೊರಡಲ್ಲ. ಬರೀ ಬಾಯಲ್ಲಿ ಅವಳಿಗೆ ಮುಖ ತೋರಿಸಲ್ಲ ಅಂದ್ರು. ದೊಡ್ಡವಳಿಗೆ ಗೊತ್ತಾದ್ರೆ ಈ ಗಳಿಗೇಲೂ ನನ್ನ ಬಾಯಿಗೆ ಅಚ್ಚು ತುರುಕ್ತಾಳೆ, ಇಲ್ಲ ನನ್ನ ಕೆಲಸ ಕೆಟ್ಟಿತು ಅಂತ ಕೊರಗ್ತಾಳೆ, ಎರಡೂ ಬೇಡ ಅಂದ್ರು. ಆಣೆ ಹಾಕಿಸ್ಕೊಂಡ್ರು ನನ್ನ ಹತ್ರ. ಇಷ್ಟು ದಿನ ನಿನ್ನ ಕಣ್ಣಲ್ಲಿ ಕಟುಕಿ ಆಗಿದೀನಲ್ಲ, ಆ ಆಣೆಗೆ.’

ಹಾರನ್ ಮೇಲೆ ಹೋಗಿ, ಒಂದು ಸಣ್ಣ ಸ್ಟೀಲ್ ಡಬ್ಬಿ ತಂದು, ಹಲ್ಲಕ್ಕನ ಕಾಲ ಬಳಿ ಹೊಸ್ತಿಲ ಮೇಲೆ ಇಟ್ಟು ಹೋದಳು.

ಮರುದಿನ ಹಲ್ಲಕ್ಕ ಆ ಡಬ್ಬಿಯನ್ನು ಲ್ಯಾಬಿಗೆ ಒಯ್ದು, ದೊಡ್ಡ ದೀಪದ ಕೆಳಗೆ ತೆರೆದಳು. ಅವಳೇ ಕಟ್ಟಿದ ಸೆಟ್ಟು. ಮೂರು ಸಲ ಅಚ್ಚು ತೆಗೆಸಿ, ಅತ್ತೆಯ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಮುಂದಿನ ಒಂದು ಹಲ್ಲನ್ನು ಮೊದಲಿದ್ದ ಹಾಗೆ ಚೂರು ಓರೆಯಾಗಿಯೇ ನೆಟ್ಟಿದ್ದಳು. ಕೆಳಗಿನ ಸೆಟ್ಟನ್ನು ತಿರುಗಿಸಿದರೆ ಒಳಮೈಗೆ ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಪಟ್ಟಿ ಅಂಟಿಸಿತ್ತು. ಸಣ್ಣ ಕತ್ತರಿಯಲ್ಲಿ ಅಳತೆಗೆ ಸರಿಯಾಗಿ ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಅರದಲ್ಲಿ ನುಣುಪು ಮಾಡಿತ್ತು. ಹುಣ್ಣಿದ್ದಿರಬೇಕಾದ ಜಾಗದಲ್ಲಿ ಹುಷಾರಾಗಿ ಒಂದು ಕಚ್ಚು. ಇದನ್ನು ಮಾಡಿದವಳು ವ್ಯಾನ್ ಓಡಿಸುವವಳು, ಯಾರೂ ಹೇಳಿಕೊಡದೆ. ಕೆಲಸ ಕೆಟ್ಟದಾಗಿರಲಿಲ್ಲ. ಹಲ್ಲಕ್ಕನಿಗೆ ಹೊಟ್ಟೆಯುರಿದದ್ದು ಅದಕ್ಕೇ. ಕೆಟ್ಟದಾಗಿದ್ದರೆ ಬೈಯಬಹುದಿತ್ತು.

ಆಮೇಲೆ ಬೇಡವೆಂದರೂ ಇನ್ನೊಂದು ನೆನಪಾಯಿತು. ಕೆಳಗಿನ ಪಾಳಿಯ ಕೊನೆಯ ತಿಂಗಳು ಅತ್ತೆ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದಳು. ಒಮ್ಮೆ ದವಡೆ ಒತ್ತಿಕೊಂಡದ್ದನ್ನು ಕಂಡು ಹಲ್ಲಕ್ಕ, ಒಲೆಯ ಮುಂದಿನಿಂದ ತಿರುಗದೆ, ‘ಅಭ್ಯಾಸ ಆಗತ್ತೆ ಬಿಡಿ ಅತ್ತೆ’ ಎಂದಿದ್ದಳು. ಎಲ್ಲ ರೋಗಿಗಳಿಗೂ ಹೇಳಿಕಳಿಸುವ ಮಾತು ಅದು. ಅತ್ತೆ ‘ಹೂಂ’ ಎಂದಿದ್ದಳು.

ಡಬ್ಬಿ ಮುಚ್ಚಿ, ಆ ದಿನ ಬಂದಿದ್ದ ನಾಲ್ಕು ಅಚ್ಚಿಗೆ ಪ್ಲಾಸ್ಟರ್ ಹೊಯ್ದಳು. ಎರಡರಲ್ಲಿ ಗುಳ್ಳೆ ಬಂದು ಮತ್ತೆ ಹೊಯ್ಯಬೇಕಾಯಿತು. ಹಾಗಾದದ್ದು ವರ್ಷಗಳ ಮೇಲೆ.

ಮನೆಯಲ್ಲಿ ಪಾಚಿಯ ಬಟ್ಟಲಿನೊಳಗೆ ಮರಿ ದಿನದಿನಕ್ಕೆ ಸುಕ್ಕುಗಟ್ಟಿತು. ಎಲೆಗಳು ಮುದುಕರ ಕಿವಿಯಂತೆ ಜೋತುಬಿದ್ದವು, ಅಕ್ಕಿಕಾಳಿನ ಬೇರುಗಳು ಕಂದಾಗಿ ನಿಂತವು. ಆರನೆಯ ವಾರ ಅವಳು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದಳು. ಗಂಡ ನೋಡಿದ. ಏನನ್ನೋ ಕೇಳಲು ಹೊರಟು, ಅವಳ ಮುಖ ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಕಿಟಕಿಯ ಗಿಡಕ್ಕೆ ಈಗ ಯಾರೂ ದಿಕ್ಕಿಲ್ಲ. ಇವಳಿಗೆ ಅದರ ಕಡೆ ನೋಡಲು ಮುಖವಿಲ್ಲ, ಅವಳಿಗೆ ಮನಸ್ಸಿಲ್ಲ. ಸುಳಿ ಕೊಳೆತು ಖಾಲಿಯಾಗಿ, ಎರಡೇ ಎಲೆ ಉಳಿದು, ಕೊಯ್ದ ದಂಟು ಒಣಗಿ ಕಡ್ಡಿಯಾಯಿತು. ಚೀಟಿಗಳು ಬಿಸಿಲಿಗೆ ಹಳದಿಯಾಗಿ ಒಂದೊಂದೇ ಉದುರಿದವು. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆ ಸವರಿಕೊಂಡು ಹಾದುಹೋಗುತ್ತಿದ್ದರು. ಸುಳ್ಳಿ, ಕಟುಕಿ, ಸಾಯಿಸಿದವಳು, ಎಲ್ಲ ಮಾತೂ ಆ ಮೆಟ್ಟಿಲಲ್ಲೇ ಬಿದ್ದಿತ್ತು. ತುಳಿದುಕೊಂಡೇ ಓಡಾಡಬೇಕಿತ್ತು.

ಎರಡು ತಿಂಗಳ ಮೇಲೆ ಕೆಳಮನೆಯ ಫ್ಯೂಸು ಹೋಯಿತು. ಅದನ್ನು ನೋಡಲೆಂದು ಹಲ್ಲಕ್ಕ ಟಾರ್ಚು ಹಿಡಿದು ತಿರುವಿಗೆ ಬಂದಾಗ ಬೆಳಕು ಕುಂಡದ ಮೇಲೆ ಬಿತ್ತು. ಉಳಿದೆರಡು ಎಲೆಗಳಲ್ಲಿ ಕೆಳಗಿನದರ ಸಂದಿಯಿಂದ, ಬುಡದಲ್ಲೇ, ಎಲೆಯನ್ನು ಪಕ್ಕಕ್ಕೆ ನೂಕಿ ಒಂದು ಚಿಗುರು ಎದ್ದಿತ್ತು. ದಂಟಿನ ಮರಿಯಂತೆ ಬಡಕಲಲ್ಲ, ಹೆಬ್ಬೆರಳಿನಂತೆ ಗಟ್ಟಿ. ಅವಳು ಟಾರ್ಚು ಆರಿಸಿದಳು. ಮತ್ತೆ ಹಾಕಿ ನೋಡಿದಳು.

ನರ್ಸರಿಯ ಮುದುಕ ಈ ಸಲ ನಕ್ಕ.

‘ಸುಳಿ ಹೋದ ಗಿಡ ಕೆಲವು ಸಲ ಬುಡದಲ್ಲಿ ಮರಿ ಹಾಕತ್ತೆ. ಇದನ್ನ ಮಾತ್ರ ಬಿಡಿಸೋಕೆ ಹೋಗ್ಬೇಡಿ. ಇದಕ್ಕೆ ಸ್ವಂತ ಬೇರಿಲ್ಲ, ತಾಯಿಯದೇ. ಕೊಯ್ದ್ರೆ ಎರಡೂ ಹೋಗತ್ತೆ. ಯಾರು ನೋಡ್ಕೋತಿದ್ರು ಗಿಡಾನ?’

‘ಯಾರೂ ಇಲ್ಲ. ಎರಡು ತಿಂಗಳಿಂದ ಯಾರೂ ಮುಟ್ಟಿಲ್ಲ.’

‘ಅದಕ್ಕೇ ಬದುಕಿದೆ. ಬೇರು ಒಣಗಿ ಉಸಿರಾಡ್ತು. ಇನ್ನು ಹತ್ತು ದಿನಕ್ಕೊಂದು ಲೋಟ. ಎರಡು ಕೈ ಬೇಡ ಅದಕ್ಕೆ.’

ಎರಡು ಕೈ ಬೇಡವೆಂಬುದು ಸರಿ. ಆದರೆ ಹಸಿರು ಕಂಡರೆ ಹಾರನ್ ಬಾಟಲಿ ಬಗ್ಗಿಸದೆ ಬಿಡುವವಳಲ್ಲ. ಚೀಟಿ ಕಟ್ಟಿದರೆ ಹಟಕ್ಕೆ ಇನ್ನಷ್ಟು ಬಗ್ಗಿಸಿಯಾಳು. ಹಲ್ಲಕ್ಕ ಎರಡು ದಿನ ಯೋಚಿಸಿದಳು. ಮೂರನೆಯ ದಿನ ಕೆಲಸದಿಂದ ಬಂದವಳು ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಮೇಲಿನ ಮನೆಯ ಬಾಗಿಲು ತಟ್ಟಿದಳು. ಹಾರನ್ ಬಾಗಿಲು ತೆಗೆದು, ಅಡ್ಡ ನಿಂತಳು.

‘ಬುಡದಲ್ಲಿ ಮರಿ ಬಂದಿದೆ’ ಎಂದಳು ಹಲ್ಲಕ್ಕ.

‘ನೋಡಿದೆ.’

‘ಯಾವಾಗ?’

‘ನೀವು ಟಾರ್ಚು ಹಾಕಿ ನೋಡೋಕೆ ಒಂದು ವಾರ ಮುಂಚೆ.’

‘ನೀವು’ ವಾಪಸು ಬಂದಿತ್ತು. ಆದರೆ ಅದರಲ್ಲಿ ಗೌರವವೇನೂ ಇರಲಿಲ್ಲ, ದೂರ ಮಾತ್ರ ಇತ್ತು.

‘ಹತ್ತು ದಿನಕ್ಕೊಂದು ಸಲ ನೀರು, ಬುಡಕ್ಕೆ. ನಾನು ಹಾಕ್ತೀನಿ. ನೀನು ಮುಟ್ಟಬೇಡ.’

‘ಯಾಕೆ? ನಾನು ಹಾಕ್ತೀನಿ, ನೀವು ಮುಟ್ಟಬೇಡಿ. ಕೊಯ್ಯೋ ಕೈ ನನ್ನದಲ್ಲ.’

ಹಲ್ಲಕ್ಕ ಮೆಟ್ಟಿಲ ಕಟಕಟೆ ಹಿಡಿದಳು. ತಿರುಗಿ ಹೋಗಿಬಿಡುವ ಮನಸ್ಸಾಯಿತು.

‘ಆ ಮರಿ ಸತ್ತೋಯ್ತು’ ಎಂದಳು ಕೊನೆಗೆ. ‘ಬೇರು ಬರೋ ಮುಂಚೆ ಕೊಯ್ದೆ. ಗೊತ್ತಿದ್ದೂ ಕೊಯ್ದೆ.’

‘ಗೊತ್ತು. ಕಸದ ಡಬ್ಬಿಯಲ್ಲಿ ನೋಡಿದೆ.’

‘ಕಸದ ಡಬ್ಬೀನೂ ಹುಡುಕ್ತೀಯಾ?’

‘ಡಬ್ಬಿ ಇಬ್ಬರದ್ದೂ ಅಲ್ವಾ.’

ಹಲ್ಲಕ್ಕನಿಗೆ ಕೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಆ ಎಂಟು ದಿನದಲ್ಲಿ ಅತ್ತೆ ಏನು ತಿಂದಳು, ಏನು ಅಂದಳು, ತನ್ನ ಹೆಸರು ಇನ್ನೊಮ್ಮೆಯಾದರೂ ಎತ್ತಿದಳೇ. ಅದನ್ನು ಕೇಳಲಿಲ್ಲ. ‘ಆ ಪಟ್ಟಿ’ ಎಂದಳು, ‘ಸೆಟ್ಟಿನ ಒಳಗೆ ಅಂಟಿಸಿದೆಯಲ್ಲ. ಅದರಿಂದ ನೋವು ಕಮ್ಮಿ ಆಯ್ತಾ ಅವರಿಗೆ?’

ಹಾರನ್ ಅವಳನ್ನು ದಿಟ್ಟಿಸಿದಳು. ಹಂಗಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ‘ಎರಡು ದಿನ ಆಯ್ತು’ ಎಂದಳು. ‘ಎರಡು ದಿನ ಗಂಜಿ ಕುಡಿದ್ರು, ಮಾತಾಡಿದ್ರು. ಆಮೇಲೆ ಅದೂ ಬೇಡ ಅಂದ್ರು.’ ಬಾಗಿಲಿಗೆ ಕೈ ಹಾಕಿ, ‘ನೀರು ಒಂದು ಸಲ ನೀವು ಹಾಕಿ, ಒಂದು ಸಲ ನಾನು ಹಾಕ್ತೀನಿ. ತಪ್ಪಿಸಿದ್ರೆ ನೋಡ್ಕೋತೀನಿ’ ಎಂದು ಬಾಗಿಲು ಹಾಕಿಕೊಂಡಳು.

ಅಷ್ಟೇ ಆದದ್ದು. ಅವರೇನೂ ಒಂದಾಗಲಿಲ್ಲ. ಒಬ್ಬರ ಮನೆಯ ಕಾಫಿ ಇನ್ನೊಬ್ಬರು ಕುಡಿಯಲಿಲ್ಲ, ನೀರಿನ ಟ್ಯಾಂಕಿನ ಜಗಳ ಎರಡು ಸಲ ಮತ್ತೆ ಎದ್ದಿತು. ತನ್ನ ಸರದಿಯ ದಿನ ಹಲ್ಲಕ್ಕ ನೀರು ಹಾಕುವಾಗ ಮೇಲಿನ ಬಾಗಿಲು ಎರಡು ಬೆರಳಿನಷ್ಟು ತೆರೆಯುತ್ತಿತ್ತು. ಅವಳ ಸರದಿಯ ದಿನ ಕೆಳಗಿನದು. ಲ್ಯಾಬಿನಲ್ಲಿ ಮಾತ್ರ ಒಂದು ಬದಲಾವಣೆ ಕಂಡಿತು. ಸೆಟ್ಟು ಒತ್ತುತ್ತದೆ ಎಂದು ವಾಪಸು ಬಂದರೆ ‘ಅಭ್ಯಾಸ ಆಗತ್ತೆ’ ಎಂದು ಬರೆದು ಕಳಿಸುವುದನ್ನು ಹಲ್ಲಕ್ಕ ಬಿಟ್ಟಳು. ರೋಗಿಯನ್ನೇ ಕರೆಸಿ, ಎದುರಿಗೆ ಕೂರಿಸಿಕೊಂಡು, ಎಲ್ಲಿ ನೋವೆಂದು ಬೆರಳಿಟ್ಟು ತೋರಿಸುವವರೆಗೆ ಬಿಡುತ್ತಿರಲಿಲ್ಲ. ಆಗಲೂ ಮುಖ ಗಂಟಿಕ್ಕಿಕೊಂಡೇ ಇರುತ್ತಿತ್ತು. ಬಂದವರು ಹೆದರಿಕೊಂಡೇ ಬಾಯಿ ತೆರೆಯುತ್ತಿದ್ದರು.

ಬುಡದ ಮರಿ ಎರಡು ವರ್ಷ ಎಲೆಯ ಮೇಲೆ ಎಲೆ ಹಾಕಿತು. ಹಳೆಯ ತಾಯಿಯ ಎಲೆಗಳು ಹಳದಿಯಾಗಿ ತಾವಾಗಿಯೇ ಕಳಚಿದವು. ಮೂರನೆಯ ವರ್ಷ ಎಲೆಯ ಸಂದಿಯಿಂದ ದಂಟು ಹೊರಟು ಒಂಬತ್ತು ಹೂವು ಬಿಟ್ಟಿತು. ಅದೇ ಬಿಳಿ. ತಾನು ನೀರು ಹಾಕಿದ್ದರಿಂದ ಎಂದು ಹಲ್ಲಕ್ಕ ಗಂಡನಿಗೆ ಹೇಳಿದಳು. ಮೇಲೆ ಹಾರನ್ ತನ್ನ ಗಂಡನಿಗೆ ಹೇಳಿದ್ದೂ ಅದೇ ಮಾತೆಂದು ಅಣ್ಣತಮ್ಮಂದಿರು ಬೀದಿಯ ತುದಿಯಲ್ಲಿ ತಾಳೆ ನೋಡಿಕೊಂಡರು.

ಬೀದಿಯಿಂದ ಹೂವು ಕಂಡು ಔಷಧಿ ಅಂಗಡಿಯವಳು ಒಂದು ಸಂಜೆ ಮೆಟ್ಟಿಲು ಹತ್ತಿ ಬಂದಳು. ಸುದ್ದಿ ಮುಟ್ಟಿಸುವುದರಲ್ಲಿ ಎಂದೂ ಹಿಂದೆ ಬೀಳದ ಹೆಂಗಸು. ಹಲ್ಲಕ್ಕ ಆಗ ಕಿಟಕಿಯ ಗಾಜು ಒರೆಸುತ್ತಿದ್ದಳು. ಹಾರನ್ ವ್ಯಾನ್ ನಿಲ್ಲಿಸಿ ಮೇಲೆ ಹೋಗುತ್ತಿದ್ದವಳು ಅಂಗಡಿಯವಳನ್ನು ಕಂಡು ಹಿಂದೆಯೇ ನಿಂತಳು.

‘ಅಯ್ಯೋ ಎಷ್ಟು ಚೆಂದ! ಇದಕ್ಕೆ ಮರಿ ಬರತ್ತಂತಲ್ಲ, ಬಂದಾಗ ನನಗೊಂದು ಕೊಡ್ರೀ’ ಎಂದಳು ಅಂಗಡಿಯವಳು, ದಂಟಿಗೆ ಕೈಚಾಚುತ್ತ.

‘ಆಗಲ್ಲ’ ಎಂದರು ಇಬ್ಬರೂ ಒಟ್ಟಿಗೆ.

ಅಂಗಡಿಯವಳು ಇವಳ ಮುಖ ನೋಡಿದಳು, ಅವಳ ಮುಖ ನೋಡಿದಳು, ಕೈ ಹಿಂದಕ್ಕೆ ತೆಗೆದುಕೊಂಡು ಬಂದ ದಾರಿಯಲ್ಲೇ ಇಳಿದುಹೋದಳು. ಬೀದಿಯ ಬಾಗಿಲು ಮುಚ್ಚಿದ ಸದ್ದಾಯಿತು.

‘ಅವಳು ಕೇಳಿದ್ದು ನನ್ನನ್ನ’ ಎಂದಳು ಹಲ್ಲಕ್ಕ, ಒರೆಸುವ ಬಟ್ಟೆ ಹಿಂಡುತ್ತ.

‘ಕೇಳಿದ್ದು ಯಾರನ್ನಾದ್ರೂ ಆಗ್ಲಿ, ಇಲ್ಲ ಅನ್ನೋ ಹಕ್ಕು ನನಗೂ ಇದೆ ಅಕ್ಕ’ ಎಂದಳು ಹಾರನ್, ಮತ್ತು ಎರಡೆರಡು ಮೆಟ್ಟಿಲು ಹತ್ತುತ್ತ ಮೇಲೆ ಹೋದಳು.